ಚಿಪ್ ಬಂದರೆ ಸಾಲದು

ವಿದ್ಯಾರ್ಥಿನಿ: ಹೊಸ ಪ್ರೊಸೆಸರಿಗೆ ಕಂಪೈಲರನ್ನು ಪೋರ್ಟ್ ಮಾಡುವುದು ಎಂದರೆ ಅದನ್ನು ಮೊದಲಿನಿಂದ ಬರೆಯುವುದೇ, ಸರ್?

ಅಧ್ಯಾಪಕರು: ಅಲ್ಲ. ಕಂಪೈಲರಿಗೆ ಮೂರು ಭಾಗ. ಮುಂಭಾಗ ಪ್ರೋಗ್ರಾಮನ್ನು ಓದಿ, ವ್ಯಾಕರಣ ಸರಿಯಿದೆಯೇ ಎಂದು ನೋಡಿ, ಒಂದು ನಡುಭಾಷೆಗೆ ಇಳಿಸುತ್ತದೆ. ನಡುಭಾಗ ಆ ನಡುಭಾಷೆಯಲ್ಲಿಯೇ ವ್ಯರ್ಥ ಲೆಕ್ಕಗಳನ್ನು ತೆಗೆದುಹಾಕುತ್ತದೆ. ಹಿಂಭಾಗ ಉಳಿದದ್ದನ್ನು ಒಂದು ನಿರ್ದಿಷ್ಟ ಪ್ರೊಸೆಸರಿನ ಆದೇಶಗಳಾಗಿ ಬರೆಯುತ್ತದೆ. ಪ್ರೊಸೆಸರ್ ಬದಲಾದಾಗ ಮುಖ್ಯವಾಗಿ ಬದಲಾಗಬೇಕಾದದ್ದು ಈ ಹಿಂಭಾಗ.

ವಿದ್ಯಾರ್ಥಿನಿ: ನಡುವೆ ಇನ್ನೊಂದು ಭಾಷೆ ಯಾಕೆ? ನೇರವಾಗಿ ಆದೇಶಗಳಿಗೇ ಇಳಿಸಬಹುದಲ್ಲ?

ಅಧ್ಯಾಪಕರು: ನಾವು ನಿಂತಿರುವ ಮಂಗಳೂರಿನ ಈ ಪಂಪ್‌ವೆಲ್ ವೃತ್ತವನ್ನೇ ನೋಡು. ಉಡುಪಿಯ ಬಸ್ಸು ನಂತೂರು ದಾಟಿ ಇಲ್ಲಿಗೆ ಬರುತ್ತದೆ. ಬಿ.ಸಿ. ರೋಡಿನದ್ದು ಪಡೀಲು ದಾಟಿ ಬರುತ್ತದೆ, ಕಾಸರಗೋಡಿನದ್ದು ತೊಕ್ಕೊಟ್ಟು ಕಳೆದು ನೇತ್ರಾವತಿ ಸೇತುವೆಯ ಮೇಲೆ ಬರುತ್ತದೆ. ಇಲ್ಲಿಂದ ಕಂಕನಾಡಿಗೂ ಹೋಗಬಹುದು, ಬಂದ ದಾರಿಗಳಲ್ಲಿ ಬೇರೆ ಯಾವುದನ್ನಾದರೂ ಹಿಡಿಯಬಹುದು. ಇಂಥ ಒಂದು ಕೂಡುಜಾಗ ಇಲ್ಲದಿದ್ದರೆ ಪ್ರತಿ ಊರಿನಿಂದ ಪ್ರತಿ ಊರಿಗೂ ಬೇರೆ ಬೇರೆ ರಸ್ತೆ ಕಡಿಯಬೇಕಿತ್ತು. 10 ಭಾಷೆ, 10 ಪ್ರೊಸೆಸರ್ ಇದ್ದರೆ ನೇರ ದಾರಿಯಲ್ಲಿ 100 ಕಂಪೈಲರ್ ಬೇಕು. ನಡುಭಾಷೆ ಇದ್ದರೆ 10 ಮುಂಭಾಗ, 10 ಹಿಂಭಾಗ ಸಾಕು. 1958ರಲ್ಲಿಯೇ ಅಮೆರಿಕದಲ್ಲಿ ಅನ್‌ಕಾಲ್ ಎಂಬ ಹೆಸರಿನಲ್ಲಿ ಇಂಥ ಒಂದು ಸರ್ವಸಾಮಾನ್ಯ ನಡುಭಾಷೆಯ ಪ್ರಸ್ತಾವ ಬಂದಿತ್ತು. ಎಲ್ಲ ಭಾಷೆಗಳಿಗೂ ಎಲ್ಲ ಯಂತ್ರಗಳಿಗೂ ಒಂದೇ ನಡುಭಾಷೆ ಎಂಬ ಕನಸು ಕೈಗೂಡಲಿಲ್ಲ. ಆದರೆ 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬಿಡುಗಡೆ ಮಾಡಿದ ಜಿಸಿಸಿ, 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ವಿಕ್ರಮ್ ಅಡ್ವೆ ಮತ್ತು ಕ್ರಿಸ್ ಲ್ಯಾಟ್ನರ್ ಆರಂಭಿಸಿದ ಎಲ್‌ಎಲ್‌ವಿಎಂ, ಇವೆರಡೂ ತಮ್ಮ ತಮ್ಮ ಮನೆಯೊಳಗೆ ಅದನ್ನು ಸಾಧಿಸಿ ತೋರಿಸಿದವು.

ವಿದ್ಯಾರ್ಥಿನಿ: ಹಾಗಾದರೆ ಹಿಂಭಾಗ ಬರೆಯುವವರು ಮೊದಲು ಏನು ಮಾಡಬೇಕು?

ಅಧ್ಯಾಪಕರು: ಪ್ರೊಸೆಸರಿನ ವಿವರಣೆ ಬರೆಯಬೇಕು. ಲೆಕ್ಕದ ಸಂಖ್ಯೆಗಳನ್ನು ಇಟ್ಟುಕೊಳ್ಳುವ ರಿಜಿಸ್ಟರುಗಳು ಎಷ್ಟಿವೆ, ಯಾವ ಆದೇಶ ಯಾವ ಲೆಕ್ಕ ಮಾಡುತ್ತದೆ, ಅದಕ್ಕೆ ಎಷ್ಟು ಹೊತ್ತು ಬೇಕು ಎಂಬುದನ್ನೆಲ್ಲ ಜಿಸಿಸಿಯಲ್ಲಿ ಯಂತ್ರವಿವರಣೆಯ ಕಡತಗಳಲ್ಲಿ ಬರೆಯುತ್ತಾರೆ. ಎಲ್‌ಎಲ್‌ವಿಎಂನಲ್ಲಿ ಟೇಬಲ್‌ಜೆನ್ ಎಂಬ ಪುಟ್ಟ ಭಾಷೆಯಲ್ಲಿ ಬರೆಯುತ್ತಾರೆ. ನಡುಭಾಷೆಯ ಒಂದು ಲೆಕ್ಕ ಮರದ ಕೊಂಬೆಗಳ ಹಾಗೆ ಕವಲೊಡೆದಿರುತ್ತದೆ. ಆ ಮರಕ್ಕೆ ಯಾವ ಆದೇಶಗಳನ್ನು ಹೊದಿಸಿದರೆ ಖರ್ಚು ಕಡಿಮೆ ಎಂದು ಹುಡುಕುವುದೇ ಆದೇಶಗಳ ಆಯ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೀತಿ ಶಂಕರ್ ಕೆಲಸ ಮಾಡಿದ್ದು ಇದೇ ವಿಷಯದ ಮೇಲೆ. ಅವರು ವೈ.ಎನ್. ಶ್ರೀಕಾಂತ್ ಅವರ ಜೊತೆ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಹೊರಬಂತು. ಅದರ ಬಹುಪಾಲು ಗಮನ ಹಿಂಭಾಗ ಮತ್ತು ನಡುಭಾಗದ ಸಮಸ್ಯೆಗಳ ಕಡೆಗೇ ಇದೆ.

ವಿದ್ಯಾರ್ಥಿನಿ: ಒಂದು ಉದಾಹರಣೆ ಕೊಟ್ಟರೆ ಹಿಡಿತ ಸಿಗುತ್ತಿತ್ತು.

ಅಧ್ಯಾಪಕರು: ರಿಸ್ಕ್-ಫೈವ್ ಎಂಬ, ಎಲ್ಲರಿಗೂ ತೆರೆದ ಆದೇಶಪಟ್ಟಿಯ ಪ್ರೊಸೆಸರಿನಲ್ಲಿ 5000 ಎಂಬ ಸಂಖ್ಯೆಯನ್ನು ಒಂದು ರಿಜಿಸ್ಟರಿಗೆ ಹಾಕಬೇಕು ಎಂದುಕೊ. ಕೂಡಿಸುವ ಆದೇಶದ ಒಳಗೆ ಸಂಖ್ಯೆಗಾಗಿ ಇರುವುದು 12 ಬಿಟ್ ಜಾಗ. ಅದರಲ್ಲಿ −2048ರಿಂದ 2047ರವರೆಗೆ ಮಾತ್ರ ಹಿಡಿಯುತ್ತದೆ. ಹಾಗಾಗಿ 4096ರ ಗುಣಕಗಳನ್ನು ತುಂಬುವ ಇನ್ನೊಂದು ಆದೇಶದಿಂದ ಮೊದಲು 4096 ಹಾಕಿ, ಅದಕ್ಕೆ 904 ಕೂಡಿಸಬೇಕು. ಈಗ 8000 ಹಾಕು ನೋಡೋಣ.

ವಿದ್ಯಾರ್ಥಿನಿ: 4096 ಹಾಕಿ 3904 ಕೂಡಿಸಬೇಕು. ಆದರೆ 3904 ಆ 12 ಬಿಟ್ಟಿನಲ್ಲಿ ಹಿಡಿಯುವುದಿಲ್ಲ. ಹಾಗಾದರೆ 8192 ಹಾಕಿ 192 ಕಳೆಯಬೇಕು.

ಅಧ್ಯಾಪಕರು: ಅದೇ. ಹಿಂಭಾಗ ಬರೆಯುವವರು ಎಡವುವುದು ಇಂಥಲ್ಲಿಯೇ. 5000ಕ್ಕೆ ಸರಿಯಾಗಿ ಓಡಿದ ಕೋಡ್ 8000ಕ್ಕೆ ತಪ್ಪು ಉತ್ತರ ಕೊಡುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಲೆಕ್ಕ ಮಾತ್ರ ತಪ್ಪುತ್ತದೆ. ಕಂಪೈಲರಿನ ತಪ್ಪನ್ನು ಕಂಪೈಲರಿನ ತಪ್ಪು ಎಂದು ಯಾರೂ ಮೊದಲಿಗೆ ಸಂಶಯಿಸುವುದಿಲ್ಲ, ತಮ್ಮ ಪ್ರೋಗ್ರಾಮಿನಲ್ಲೇ ದಿನಗಟ್ಟಲೆ ಹುಡುಕುತ್ತಾರೆ. ಆದ್ದರಿಂದ ಈ ಕೆಲಸದಲ್ಲಿ ಬರವಣಿಗೆಗಿಂತ ಪರೀಕ್ಷೆ ದೊಡ್ಡದು. ಯೂಟಾ ವಿಶ್ವವಿದ್ಯಾಲಯದವರು 2011ರಲ್ಲಿ ಸಿಸ್ಮಿತ್ ಎಂಬ ಸಾಧನದ ಬಗ್ಗೆ ಬರೆದರು. ಅದು ಮನಬಂದಂತೆ ಸಿ ಪ್ರೋಗ್ರಾಮುಗಳನ್ನು ಹುಟ್ಟಿಸಿ ಬೇರೆ ಬೇರೆ ಕಂಪೈಲರುಗಳಿಗೆ ಕೊಟ್ಟು ಉತ್ತರಗಳನ್ನು ಹೋಲಿಸುತ್ತದೆ. ಮೂರು ವರ್ಷಗಳಲ್ಲಿ 325ಕ್ಕೂ ಹೆಚ್ಚು ತಪ್ಪುಗಳು ಸಿಕ್ಕವು. ಅವು ಸಿಕ್ಕಿದ್ದು ಜನ ವರ್ಷಗಟ್ಟಲೆ ನಂಬಿ ಬಳಸುತ್ತಿದ್ದ ಕಂಪೈಲರುಗಳಲ್ಲಿ.

ವಿದ್ಯಾರ್ಥಿನಿ: ಪ್ರೊಸೆಸರಿನಲ್ಲಿ ಇಲ್ಲವೇ ಇಲ್ಲದ ಲೆಕ್ಕ ಬಂದರೆ ಏನು ಮಾಡುತ್ತಾರೆ?

ಅಧ್ಯಾಪಕರು: ರಿಸ್ಕ್-ಫೈವ್‌ನ ಮೂಲ 32 ಬಿಟ್ ಪಟ್ಟಿಯಲ್ಲಿ ಗುಣಾಕಾರದ ಆದೇಶವೇ ಇಲ್ಲ, ಅದು ಬೇಕಾದವರು ಸೇರಿಸಿಕೊಳ್ಳುವ ವಿಸ್ತರಣೆ. ಅದಿಲ್ಲದ ಚಿಪ್ಪಿಗೆ ಕಂಪೈಲರ್ ಗುಣಾಕಾರದ ಜಾಗದಲ್ಲಿ ಒಂದು ಪುಟ್ಟ ಫಂಕ್ಷನ್ನನ್ನು ಕರೆಯುತ್ತದೆ, ಅದು ಕೂಡಿಸಿ ಸರಿಸಿ ಗುಣಿಸುತ್ತದೆ. ದಶಾಂಶದ ಲೆಕ್ಕಕ್ಕೂ ಇದೇ ಉಪಾಯ. ನಮ್ಮ ರಾಜ್ಯದ್ದೇ ಒಂದು ನಿದರ್ಶನ ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿ. ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಕಂಪೆನಿಯವರ ಜೊತೆ ರೂಪಿಸಿದ ಅಂಗೈ ಕಂಪ್ಯೂಟರ್ ಅದು. ಅದರೊಳಗೆ ಇದ್ದದ್ದು ಇಂಟೆಲ್‌ನ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಪ್ರೊಸೆಸರ್, 206 ಮೆಗಾಹರ್ಟ್ಸ್‌ನದ್ದು. ಇಂದು ಆರ್ಮ್ ಬಹುತೇಕ ಎಲ್ಲ ಫೋನುಗಳಲ್ಲೂ ಇದೆ. ಸಿಂಪ್ಯೂಟರ್ ರೂಪುಗೊಳ್ಳುತ್ತಿದ್ದ 2001ರಲ್ಲಿ ಮೇಜಿನ ಮೇಲಿನ ಹೆಚ್ಚಿನ ಕಂಪ್ಯೂಟರುಗಳು ಇಂಟೆಲ್ ಮಾದರಿಯ ಎಕ್ಸ್86 ಆಗಿದ್ದಾಗ ಲಿನಕ್ಸ್ ಪ್ರಪಂಚಕ್ಕೆ ಆರ್ಮ್ ಒಂದು ಬದಿಯ ಓಣಿ.

ವಿದ್ಯಾರ್ಥಿನಿ: ಎಸ್‌ಎ-1110ರಲ್ಲಿ ದಶಾಂಶದ ಘಟಕ ಇರಲಿಲ್ಲವೇ?

ಅಧ್ಯಾಪಕರು: ಇರಲಿಲ್ಲ. ಆ ಕಾಲದ ಆರ್ಮ್ ಲಿನಕ್ಸಿನಲ್ಲಿ ಎರಡು ದಾರಿಗಳಿದ್ದವು. ಒಂದನೆಯದು, ಕಂಪೈಲರ್ ದಶಾಂಶದ ಆದೇಶವನ್ನು ಇದೆ ಎಂದುಕೊಂಡೇ ಬರೆಯುವುದು, ಪ್ರೊಸೆಸರ್ ಅದನ್ನು ಗುರುತಿಸದೆ ಕೈಚೆಲ್ಲಿದಾಗ ಲಿನಕ್ಸಿನ ತಿರುಳಾದ ಕರ್ನೆಲ್ ನಡುವೆ ಬಂದು ಲೆಕ್ಕ ಮಾಡಿ ಕೊಡುವುದು. ಪ್ರತಿ ಕೂಡುವಿಕೆಗೂ ಕರ್ನೆಲ್ಲಿನ ಬಾಗಿಲು ತಟ್ಟುವ ಈ ದಾರಿ ಬಹಳ ನಿಧಾನ. ಎರಡನೆಯದು, ಕಂಪೈಲರ್ ಮೊದಲೇ ಫಂಕ್ಷನ್ನಿನ ಕರೆಯನ್ನು ಬರೆದುಬಿಡುವುದು. ಇದು ವೇಗ, ಆದರೆ ಇಡೀ ವ್ಯವಸ್ಥೆಯ ಎಲ್ಲ ಲೈಬ್ರರಿಗಳೂ ಇದೇ ಒಪ್ಪಂದದಲ್ಲಿ ಕಂಪೈಲ್ ಆಗಿರಬೇಕು. ಒಂದು ಲೈಬ್ರರಿ ಒಂದು ಪದ್ಧತಿ, ಇನ್ನೊಂದು ಇನ್ನೊಂದು ಪದ್ಧತಿ ಎಂದಾದರೆ ಸಂಖ್ಯೆಗಳು ದಾರಿಯಲ್ಲೇ ಕೆಡುತ್ತವೆ.

ಆದರೂ ಸಿಂಪ್ಯೂಟರಿನ ವಿಷಯದಲ್ಲಿ ಮುಖ್ಯವಾದ ಮಾತು ಬೇರೆ ಇದೆ. ಜಿಸಿಸಿಗೆ ಆರ್ಮ್ ಹಿಂಭಾಗವನ್ನು ಬೇರೆ ಯಾರೋ ಮೊದಲೇ ಬರೆದಿಟ್ಟಿದ್ದರು. ಅದಿದ್ದುದರಿಂದಲೇ ಬೆಂಗಳೂರಿನ ಒಂದು ಸಣ್ಣ ತಂಡ ಲಿನಕ್ಸನ್ನೂ, ಕನ್ನಡದಂಥ ಭಾಷೆಗಳನ್ನು ಓದಿ ಹೇಳುವ 'ಧ್ವನಿ' ಎಂಬ ತಂತ್ರಾಂಶವನ್ನೂ ಹೊಸ ಯಂತ್ರದ ಮೇಲೆ ಓಡಿಸಲು ಸಾಧ್ಯವಾಯಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಜನ ಅದನ್ನು ಹೆಚ್ಚು ಕೊಳ್ಳಲಿಲ್ಲ. ಅದರ ಸೋಲಿನ ಬಗ್ಗೆ ಬರೆದವರು ಬಹಳ ಮಂದಿ. ಅಷ್ಟು ಸಣ್ಣ ತಂಡ ಅಷ್ಟು ದೂರ ಹೇಗೆ ನಡೆಯಿತು ಎಂಬುದು ಅದಕ್ಕಿಂತ ತಿಳಿಯಬೇಕಾದ ವಿಷಯ ಎಂದು ನನಗೆ ಅನಿಸುತ್ತದೆ.

ವಿದ್ಯಾರ್ಥಿನಿ: ಹೊಸ ಪ್ರೊಸೆಸರಿನ ಮೇಲೆ ಕಂಪೈಲರೇ ಇಲ್ಲದಿರುವಾಗ, ಅದರ ಮೇಲೆ ಓಡುವ ಕಂಪೈಲರನ್ನು ಕಂಪೈಲ್ ಮಾಡುವುದು ಹೇಗೆ? ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಹಾಗಾಯಿತು.

ಅಧ್ಯಾಪಕರು: ಕೋಳಿಯನ್ನು ಪಕ್ಕದ ಮನೆಯಿಂದ ತರುತ್ತಾರೆ. ನಿನ್ನ ಲ್ಯಾಪ್‌ಟಾಪಿನ ಮೇಲೆ ಓಡುವ, ಆದರೆ ಹೊಸ ಪ್ರೊಸೆಸರಿನ ಆದೇಶ ಬರೆಯುವ ಕಂಪೈಲರನ್ನು ಮೊದಲು ತಯಾರಿಸುತ್ತಾರೆ. ಅದಕ್ಕೆ ಕ್ರಾಸ್ ಕಂಪೈಲರ್ ಎನ್ನುತ್ತಾರೆ. ಅದರಿಂದ ಸಿ ಲೈಬ್ರರಿ, ಕರ್ನೆಲ್, ಕೊನೆಗೆ ಕಂಪೈಲರನ್ನೇ ಹೊಸ ಪ್ರೊಸೆಸರಿಗಾಗಿ ಕಂಪೈಲ್ ಮಾಡುತ್ತಾರೆ. ಇದಕ್ಕೆ ಮೊದಲು ಅಸೆಂಬ್ಲರ್ ಮತ್ತು ಲಿಂಕರ್ ಸಿದ್ಧವಿರಬೇಕು. ಹೊಸ ಯಂತ್ರದ ಮೇಲೆ ಹತ್ತಿ ಕುಳಿತ ಜಿಸಿಸಿ ತನ್ನನ್ನು ತಾನೇ ಕಂಪೈಲ್ ಮಾಡಿಕೊಳ್ಳಬೇಕು: ಮೊದಲ ಹಂತದ ಕಂಪೈಲರ್ ಎರಡನೆಯದನ್ನು, ಎರಡನೆಯದು ಮೂರನೆಯದನ್ನು. ಎರಡನೆಯ ಮತ್ತು ಮೂರನೆಯ ಹಂತದ ಕಡತಗಳು ಒಂದಕ್ಕೊಂದು ಹೊಂದಬೇಕು. ಹೊಂದದಿದ್ದರೆ ಎಲ್ಲೋ ತಪ್ಪಿದೆ.

ವಿದ್ಯಾರ್ಥಿನಿ: ಭಾಷೆಯ ಕಂಪೈಲರ್ ಅದೇ ಭಾಷೆಯಲ್ಲಿ ಬರೆದದ್ದಾಗಿದ್ದರೆ?

ಅಧ್ಯಾಪಕರು: ಆಗ ಹಳೆಯ ಆವೃತ್ತಿಯೊಂದು ಎಲ್ಲಾದರೂ ಓಡುತ್ತಿರಬೇಕು. ಗೋ ಭಾಷೆಯ ಕಂಪೈಲರ್ ಮೊದಲು ಸಿಯಲ್ಲಿತ್ತು. 2015ರ 1.5ನೆಯ ಆವೃತ್ತಿಯಲ್ಲಿ ಅದನ್ನು ಗೋ ಭಾಷೆಗೇ ತಿರುಗಿಸಿದರು. ಆಮೇಲೆ ಅದನ್ನು ಕಟ್ಟಲು 1.4 ಕೈಯಲ್ಲಿರಬೇಕಾಯಿತು. ಜಿಸಿಸಿಯ ಆಡಾ ಮುಂಭಾಗ ಆಡಾ ಭಾಷೆಯಲ್ಲಿಯೇ ಇದೆ, ಆಡಾ ಕಂಪೈಲರ್ ಇಲ್ಲದವರು ಅದನ್ನು ಕಟ್ಟಲಾರರು.

ವಿದ್ಯಾರ್ಥಿನಿ: ಇಷ್ಟೆಲ್ಲ ಕಷ್ಟವೇಕೆ? ಎಲ್ಲ ಭಾಷೆಗಳನ್ನೂ ಸಿ ಭಾಷೆಗೆ ಇಳಿಸಿಬಿಟ್ಟರೆ, ಸಿ ಕಂಪೈಲರ್ ಒಂದು ಬಂದರೆ ಎಲ್ಲವೂ ಬಂದ ಹಾಗಲ್ಲವೇ?

ಅಧ್ಯಾಪಕರು: ಹಾಗೆ ಮಾಡಿದವರಿದ್ದಾರೆ. ಸಿ++ ಆರಂಭದಲ್ಲಿ ಸಿಫ್ರಂಟ್ ಮೂಲಕ ಸಿ ಆಗಿಯೇ ಹೊರಬರುತ್ತಿತ್ತು. ಒಳ್ಳೆಯ ದಾರಿಯೇ. ಆದರೆ ಪ್ರೋಗ್ರಾಂ ಓಡುವಾಗ ಅದರ ಜೊತೆಗಿರುವ ರನ್‌ಟೈಮಿನ ಕೆಲಸ ಅದರಿಂದ ತಪ್ಪುವುದಿಲ್ಲ. ಜಾವಾದಲ್ಲಿ ಓಡುತ್ತಿರುವಾಗಲೇ ಆದೇಶಗಳನ್ನು ಹುಟ್ಟಿಸುವ ಭಾಗವಿದೆ. ಗೋ ಭಾಷೆಯ ರನ್‌ಟೈಮ್ ತನ್ನ ಕಾರ್ಯಗಳ ನಡುವೆ ರಿಜಿಸ್ಟರುಗಳನ್ನು ತಾನೇ ಬದಲಿಸಿಕೊಳ್ಳುತ್ತದೆ. ಇವು ಪ್ರತಿ ಪ್ರೊಸೆಸರಿಗೂ ಬೇರೆ ಬೇರೆಯಾಗಿ ಬರೆಯಬೇಕಾದವು. ಇದಕ್ಕಿಂತ ಸೂಕ್ಷ್ಮವಾದದ್ದು ಮೆಮೊರಿಯ ಕ್ರಮ. ಒಂದು ಕೋರ್ ಮೊದಲು ದತ್ತಾಂಶ ಬರೆದು, ಆಮೇಲೆ 'ಸಿದ್ಧ' ಎಂಬ ಬಾವುಟ ಏರಿಸುತ್ತದೆ. ಎಕ್ಸ್86ನಲ್ಲಿ ಇನ್ನೊಂದು ಕೋರಿಗೂ ಅದೇ ಕ್ರಮದಲ್ಲಿ ಕಾಣುತ್ತದೆ. ಆರ್ಮ್, ರಿಸ್ಕ್-ಫೈವ್‌ಗಳಲ್ಲಿ ಬಾವುಟ ಮೊದಲು, ದತ್ತಾಂಶ ಆಮೇಲೆ ಕಾಣಬಹುದು. ನಡುವೆ ತಡೆ ಆದೇಶವೊಂದನ್ನು ಹಾಕದಿದ್ದರೆ ತಪ್ಪು ಯಾವಾಗಲೋ ಒಮ್ಮೆ ಮಾತ್ರ ಕಾಣಿಸಿಕೊಂಡು ಮಾಯವಾಗುತ್ತದೆ. ಹಿಂಭಾಗ ಬರೆಯುವುದಕ್ಕಿಂತ ಇದು ಕಷ್ಟದ್ದು.

ವಿದ್ಯಾರ್ಥಿನಿ: ಕಂಪೈಲರ್ ಸರಿಯಾಗಿದ್ದರೂ ಪ್ರೋಗ್ರಾಂ ಹೊಸ ಪ್ರೊಸೆಸರಿನಲ್ಲಿ ಬೇರೆ ಉತ್ತರ ಕೊಡಬಹುದೇ?

ಅಧ್ಯಾಪಕರು: ಖಂಡಿತ. ಕನ್ನಡದ್ದೇ ಉದಾಹರಣೆ. 'ಕ' ಅಕ್ಷರ ಯುಟಿಎಫ್-8ರಲ್ಲಿ ಮೂರು ಬೈಟು: 224, 178, 149. ಸಿ ಭಾಷೆಯಲ್ಲಿ ಕ್ಯಾರ್ ಎಂಬ ಬೈಟಿಗೆ ಋಣ ಚಿಹ್ನೆ ಇರಬೇಕೋ ಬೇಡವೋ ಎಂಬುದನ್ನು ಪ್ರೊಸೆಸರಿನ ಪದ್ಧತಿಗೆ ಬಿಟ್ಟಿದ್ದಾರೆ. ಲಿನಕ್ಸಿನಲ್ಲಿ ಎಕ್ಸ್86ಕ್ಕೆ ಚಿಹ್ನೆ ಇದೆ. ಅಲ್ಲಿ ಅದೇ ಮೂರು ಬೈಟುಗಳು −32, −78, −107 ಆಗಿ ಓದಿಸಿಕೊಳ್ಳುತ್ತವೆ. ಆರ್ಮ್, ರಿಸ್ಕ್-ಫೈವ್‌ಗಳಲ್ಲಿ ಚಿಹ್ನೆ ಇಲ್ಲ. ಸೊನ್ನೆಗಿಂತ ಕಡಿಮೆಯಿದ್ದರೆ ಇಂಗ್ಲಿಷ್ ಅಲ್ಲದ ಅಕ್ಷರ ಎಂದು ಗುರುತಿಸುವ ಪ್ರೋಗ್ರಾಂ ಅಲ್ಲಿ ಕನ್ನಡವನ್ನು ಗುರುತಿಸುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳೆಲ್ಲ 128ರ ಒಳಗೇ ಇರುವುದರಿಂದ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ತಪ್ಪು ಕಾಣುವುದಿಲ್ಲ. ಅದು ಎದುರಾಗುವುದು ನಮ್ಮಂಥವರಿಗೆ.

ಬೈಟುಗಳ ಕ್ರಮವೂ ಹಾಗೆಯೇ. 300 ಎಂಬುದನ್ನು ಎರಡು ಬೈಟುಗಳಲ್ಲಿ ಬರೆದರೆ ಒಂದು 1, ಇನ್ನೊಂದು 44. ಯಾವುದನ್ನು ಮೊದಲು ಇಡಬೇಕು ಎಂಬುದರಲ್ಲಿ ಪ್ರೊಸೆಸರುಗಳಿಗೆ ಭಿನ್ನಾಭಿಪ್ರಾಯ. ಒಂದರ ಕಡತವನ್ನು ಇನ್ನೊಂದು ಹಾಗೇ ಓದಿದರೆ 300 ಹೋಗಿ 11,265 ಆಗುತ್ತದೆ.

ವಿದ್ಯಾರ್ಥಿನಿ: ನಮ್ಮ ದೇಶ ಸ್ವಂತ ಆದೇಶಪಟ್ಟಿಯ ಪ್ರೊಸೆಸರ್ ಮಾಡಿ ಕಂಪೈಲರನ್ನೂ ತಾನೇ ಮಾಡಿದ ಉದಾಹರಣೆ ಇದೆಯೇ?

ಅಧ್ಯಾಪಕರು: ಇದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಇಸ್ರೋದ್ದು. ತಿರುವನಂತಪುರದ ವಿಕ್ರಮ್ ಸಾರಾಭಾಯ್ ಬಾಹ್ಯಾಕಾಶ ಕೇಂದ್ರ ಮತ್ತು ಚಂಡೀಗಢದ ಸೆಮಿಕಂಡಕ್ಟರ್ ಲ್ಯಾಬೊರೇಟರಿ ಸೇರಿ ರೂಪಿಸಿದ ವಿಕ್ರಮ್-3201 ಎಂಬ 32 ಬಿಟ್ ಪ್ರೊಸೆಸರ್. ಅದಕ್ಕೂ ಹಿಂದೆ 16 ಬಿಟ್ಟಿನ ವಿಕ್ರಮ್-1601 ಇತ್ತು, 2009ರಿಂದ ರಾಕೆಟ್ಟುಗಳಲ್ಲಿ ಕೆಲಸ ಮಾಡುತ್ತಿತ್ತು. 3201ರ ಮೊದಲ ಚಿಪ್ಪುಗಳನ್ನು 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60ರ ಕೊನೆಯ ಹಂತದ ಮೇಲಿನ ಪ್ರಯೋಗ ವೇದಿಕೆಯಲ್ಲಿ ಪರೀಕ್ಷಿಸಿದರು. 2025ರ ಮಾರ್ಚ್ 5ರಂದು ಚಿಪ್ಪುಗಳನ್ನು ಇಸ್ರೋಗೆ ಹಸ್ತಾಂತರಿಸಿದರು. ಅದರ ಆದೇಶಪಟ್ಟಿ ಪೂರಾ ಸ್ವಂತದ್ದು. ಹಾಗಾಗಿ ಆಡಾ ಕಂಪೈಲರ್, ಅಸೆಂಬ್ಲರ್, ಲಿಂಕರ್, ಸಿಮ್ಯುಲೇಟರ್ ಎಲ್ಲವನ್ನೂ ಇಸ್ರೋ ತಾನೇ ಮಾಡಬೇಕಾಯಿತು. ಹಸ್ತಾಂತರದ ದಿನ ಸಿ ಭಾಷೆಯ ಕಂಪೈಲರ್ ಇನ್ನೂ ತಯಾರಿಯಲ್ಲಿತ್ತು.

ವಿದ್ಯಾರ್ಥಿನಿ: ಸಿಗಿಂತ ಮೊದಲು ಆಡಾ! ಹೊರಗಿನ ಲೋಕದಲ್ಲಿ ಇದು ತಲೆಕೆಳಗು.

ಅಧ್ಯಾಪಕರು: ರಾಕೆಟ್ಟು, ವಿಮಾನಗಳ ಲೋಕದಲ್ಲಿ ಇದು ತಲೆಕೆಳಗಲ್ಲ. ಒಂದು ಸಂಖ್ಯೆ 0ಯಿಂದ 360ರ ಒಳಗಿರಬೇಕು ಎಂದು ಆಡಾದಲ್ಲಿ ಘೋಷಿಸಿದರೆ, ಮೀರಿದಾಗ ಅದು ದೂರು ಹೇಳುತ್ತದೆ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ರೂಪಿಸಿದ ತೇಜಸ್ ವಿಮಾನದ ಹಾರಾಟ ನಿಯಂತ್ರಣದ ಕಂಪ್ಯೂಟರಿನ ತಂತ್ರಾಂಶವೂ ಆಡಾದ ಒಂದು ಭಾಗದಲ್ಲಿಯೇ ಬರೆದದ್ದು. ಅಂಥ ಕಡೆ ಕಂಪೈಲರನ್ನೂ ಹಾರಾಟದ ಸಲಕರಣೆಯಷ್ಟೇ ಶಿಸ್ತಿನಿಂದ ಪರೀಕ್ಷಿಸಬೇಕು. ಸ್ವಂತ ಆದೇಶಪಟ್ಟಿಯ ಲಾಭ ಎಂದರೆ ಅದನ್ನು ಯಾರೂ ಕಿತ್ತುಕೊಳ್ಳಲಾರರು. ಅದರ ಬೆಲೆ, ಹೊರಗಿನ ಯಾರೂ ಅದರ ಕಂಪೈಲರನ್ನು ತಿದ್ದಿಕೊಡಲಾರರು.

ವಿದ್ಯಾರ್ಥಿನಿ: ವಿಕ್ರಮ್-3201 ಹಸ್ತಾಂತರವಾದ ದಿನವೇ ಇನ್ನೊಂದು ಪ್ರೊಸೆಸರನ್ನೂ ಕೊಟ್ಟರಲ್ಲವೇ?

ಅಧ್ಯಾಪಕರು: ಕಲ್ಪನಾ-3201. ಅದು ಸ್ಪಾರ್ಕ್ ಎಂಟನೆಯ ಆವೃತ್ತಿಯ ಆದೇಶಪಟ್ಟಿಯದ್ದು, ಮುಕ್ತ ತಂತ್ರಾಂಶದ ಸಾಧನಗಳಿಗೆ ಹೊಂದುವ ಹಾಗೆಯೇ ರೂಪಿಸಿದ್ದು. ಕಂಪೈಲರ್ ಜಗತ್ತಿನಲ್ಲಿ ಮೊದಲೇ ಇದ್ದದ್ದು. ಆದರೂ ಸ್ಪಾರ್ಕ್ ದೊಡ್ಡ ಬೈಟನ್ನು ಮೊದಲು ಇಡುತ್ತದೆ. ವಿಳಾಸ ಸರಿಯಾದ ಗಡಿಯಲ್ಲಿ ಇಲ್ಲದಿದ್ದರೆ ನಿಂತೇಬಿಡುತ್ತದೆ. ಎಕ್ಸ್86 ಮೇಲೆ ಬರೆದ ಪ್ರೋಗ್ರಾಮನ್ನು ತಂದಿಟ್ಟರೆ ಅಲ್ಲಲ್ಲಿ ಮುಗ್ಗರಿಸುತ್ತದೆ. ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗ, ಇವೆರಡೂ ಹಿಡಿದದ್ದು ರಿಸ್ಕ್-ಫೈವ್ ದಾರಿ. ಪಟ್ಟಿ ಎಲ್ಲರಿಗೂ ತೆರೆದದ್ದು, ಕಂಪೈಲರ್ ಎಲ್ಲರೂ ಸೇರಿ ಸಾಕಿದ್ದು. ನಮ್ಮಂಥ ದೇಶಕ್ಕೆ ಸಾಮಾನ್ಯ ಬಳಕೆಯ ಪ್ರೊಸೆಸರಿಗೆ ಇದೇ ಸರಿಯಾದ ಆಯ್ಕೆ. ಸ್ವಂತ ಪಟ್ಟಿಯನ್ನು ರಾಕೆಟ್ಟಿನಂಥ ಕಡೆಗೆ ಮೀಸಲಿಡುವುದು ಒಳ್ಳೆಯದು.

ವಿದ್ಯಾರ್ಥಿನಿ: ರಿಸ್ಕ್-ಫೈವ್‌ಗೆ ಎಲ್ಲ ಭಾಷೆಗಳೂ ಬೇಗ ಬಂದವೇ?

ಅಧ್ಯಾಪಕರು: ವರ್ಷಗಳನ್ನು ನೋಡು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕೆಲಸ ಶುರುವಾದದ್ದು 2010ರಲ್ಲಿ. ಜಿಸಿಸಿಗೆ ಸೇರಿದ್ದು 2017ರಲ್ಲಿ. ಎಲ್‌ಎಲ್‌ವಿಎಂನಲ್ಲಿ ಪ್ರಯೋಗದ ಹಂತ ದಾಟಿದ್ದು 2019ರಲ್ಲಿ. ಗೋ ಭಾಷೆಯಲ್ಲಿ ಪ್ರಾಯೋಗಿಕವಾಗಿ ಬಂದದ್ದು 2020ರಲ್ಲಿ, ಜಾವಾದ ಮುಖ್ಯ ಕೋಡಿಗೆ ಸೇರಿದ್ದು 2022ರಲ್ಲಿ. ಡೆಬಿಯನ್ ಎಂಬ ಲಿನಕ್ಸ್ ವಿತರಣೆ ರಿಸ್ಕ್-ಫೈವ್ ಅನ್ನು ಅಧಿಕೃತವಾಗಿ ಸೇರಿಸಿ ಬಿಡುಗಡೆ ಮಾಡಿದ್ದು 2025ರ ಆಗಸ್ಟಿನಲ್ಲಿ. ಜಗತ್ತಿನ ದೊಡ್ಡ ಕಂಪೆನಿಗಳು ಬೆನ್ನಿಗಿದ್ದೂ ಹದಿನೈದು ವರ್ಷ.

ವಿದ್ಯಾರ್ಥಿನಿ: ಒಮ್ಮೆ ಪೋರ್ಟ್ ಆದ ಮೇಲೆ ನಿಶ್ಚಿಂತೆ ತಾನೇ?

ಅಧ್ಯಾಪಕರು: ಇಲ್ಲ. ಈ ಪಂಪ್‌ವೆಲ್ ವೃತ್ತದ ಮೇಲ್ಸೇತುವೆ 2020ರ ಜನವರಿ 31ರಂದು ಉದ್ಘಾಟನೆಯಾಯಿತು. ಜೋರು ಮಳೆ ಬಂದಾಗ ಕೆಳಗೆ ನೀರು ನಿಲ್ಲದಂತೆ ನೋಡುವ ಕೆಲಸ ಅಲ್ಲಿಗೆ ಮುಗಿಯಿತೇ? ಕಂಪೈಲರಿನ ನಡುಭಾಗ ಪ್ರತಿ ವರ್ಷ ಬದಲಾಗುತ್ತದೆ. ಅದಕ್ಕೆ ಹೊಂದುವಂತೆ ಪ್ರತಿ ಹಿಂಭಾಗವನ್ನೂ ಯಾರಾದರೂ ತಿದ್ದುತ್ತಿರಬೇಕು. ತಿದ್ದುವವರು ಇಲ್ಲವಾದರೆ ಕೆಲವು ವರ್ಷಗಳಲ್ಲಿ ಅದನ್ನು ತೆಗೆದುಹಾಕುತ್ತಾರೆ. ಸೇನಾ ವಿಮಾನಗಳಿಗಾಗಿ ಮಾಡಿದ 1750ಎ ಎಂಬ ಪ್ರೊಸೆಸರಿನ ಹಿಂಭಾಗ ಒಮ್ಮೆ ಜಿಸಿಸಿಯಲ್ಲಿತ್ತು, ಈಗಿಲ್ಲ. ಇಂಟೆಲ್‌ನ ಇಟೇನಿಯಂ 2024ರ ಜನವರಿಯಲ್ಲಿ ಬಂದ ಲಿನಕ್ಸ್ 6.7ರಿಂದ ಹೊರಬಿತ್ತು. ಹೊಡೆತ ಇನ್ನೊಂದು ಕಡೆಯಿಂದಲೂ ಬರುತ್ತದೆ. 2021ರಲ್ಲಿ ಪೈಥಾನಿನ ಕ್ರಿಪ್ಟೋಗ್ರಫಿ ಎಂಬ ಲೈಬ್ರರಿ ತನ್ನ ಒಂದು ಭಾಗವನ್ನು ರಸ್ಟ್ ಭಾಷೆಯಲ್ಲಿ ಬರೆಯಲು ಶುರು ಮಾಡಿತು. ಆಲ್ಫಾ, ಪಿಎ-ರಿಸ್ಕ್‌ನಂಥ ಹಳೆಯ ಪ್ರೊಸೆಸರುಗಳಿಗೆ ರಸ್ಟ್ ಕಂಪೈಲರ್ ಇರಲಿಲ್ಲ. ಪೈಥಾನ್ ಓಡುತ್ತಿದ್ದ ಆ ಯಂತ್ರಗಳಲ್ಲಿ ಆ ಲೈಬ್ರರಿಯ ಹೊಸ ಆವೃತ್ತಿ ಮಾತ್ರ ಓಡದಾಯಿತು.

ವಿದ್ಯಾರ್ಥಿನಿ: ಹೊಸ ಪ್ರೊಸೆಸರಿನ ಬೋರ್ಡು ಕೈಯಲ್ಲಿ ಇಲ್ಲದವರು ಈ ಕೆಲಸದಲ್ಲಿ ಎಲ್ಲಿಂದ ಆರಂಭಿಸಬಹುದು?

ಅಧ್ಯಾಪಕರು: ಬೋರ್ಡು ಬೇಡ. ಕ್ಯೂಎಮು ಎಂಬ ಮುಕ್ತ ತಂತ್ರಾಂಶ ರಿಸ್ಕ್-ಫೈವ್, ಸ್ಪಾರ್ಕ್, ಐಬಿಎಂನ ಎಸ್390 ಎಲ್ಲವನ್ನೂ ನಿನ್ನ ಲ್ಯಾಪ್‌ಟಾಪಿನೊಳಗೇ ಅನುಕರಿಸುತ್ತದೆ. ಕನ್ನಡ ಪಠ್ಯವನ್ನು ವಿಂಗಡಿಸುವ, ಎಣಿಸುವ ಪ್ರೋಗ್ರಾಮೊಂದನ್ನು ತೆಗೆದುಕೊ. ಎಕ್ಸ್86ಕ್ಕೂ ರಿಸ್ಕ್-ಫೈವ್‌ಗೂ ಎಸ್390ಗೂ ಕ್ರಾಸ್ ಕಂಪೈಲ್ ಮಾಡಿ ಉತ್ತರಗಳನ್ನು ಹೋಲಿಸು. ಬೇರೆ ಬಂದರೆ, ತಪ್ಪು ತೋರಿಸುವ ಕೋಡನ್ನು ಹತ್ತು ಸಾಲಿಗೆ ಇಳಿಸು. ಪ್ರೋಗ್ರಾಮಿನದ್ದಾದರೆ ಅದನ್ನು ಬರೆದವರಿಗೆ, ಕಂಪೈಲರಿನದ್ದಾದರೆ ಜಿಸಿಸಿಗೋ ಎಲ್‌ಎಲ್‌ವಿಎಂಗೋ ವರದಿ ಮಾಡು. ಜಿಸಿಸಿಯ ದೋಷಪಟ್ಟಿ ಯಾರು ಬೇಕಾದರೂ ತೆರೆದು ಓದಬಹುದಾದದ್ದು.